ಎಡಬದಿಯ ಸೀಟಿನ ಟೀಚರ್

ಕಳೆದ ವಾರ ಇಚಿಲಂಪಾಡಿಯಿಂದ ಪುತ್ತೂರಿನ ಆಸ್ಪತ್ರೆಗೆ ಹೊರಟಿದ್ದ ಒಬ್ಬರು ಹೆಂಗಸು ನನ್ನ ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ನೀಲಗಿರಿ ಎಣ್ಣೆಯ ಸಣ್ಣ ಬಾಟಲಿ ತೆರೆದರು. ಶೀತವಾಗಿತ್ತು ಪಾಪ, ಕರವಸ್ತ್ರಕ್ಕೆ ಎರಡು ಹನಿ ಹಾಕಿ ಮೂಗಿಗೆ ಹಿಡಿದುಕೊಂಡರು. ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಸ್ವಲ್ಪ ಪೆಟ್ರೋಲು, ಅದರ ಮೇಲೆ ನೀಲಗಿರಿ... ಮೂರೂ ವಾಸನೆ ಕೂಡಿದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಸ್ಟೀರಿಂಗ್ ಮೇಲೆ ಸಡಿಲವಾಗಿದ್ದ ಎಡಗೈ ಸರಿಯಾದ ಜಾಗಕ್ಕೆ ಹೋಗಿ ಕೂತಿತು. ಈಗ ಎಡಗಡೆಯಿಂದ ಒಂದು ಬೈಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಎಡಗಡೆಯ ಸೀಟಿನಲ್ಲಿ ಆ ಹೆಂಗಸಿನ ಎಕ್ಸ್‌ರೇ ಕವರು ಮಾತ್ರ ಇತ್ತು.

ನಾನು ಯಾರ ಬೈಗುಳಕ್ಕೆ ಕಾದೆನೋ ಅವರನ್ನು ಪುತ್ತೂರಿನಲ್ಲಿ ತುಂಬಾ ಜನ ಡ್ರೈವಿಂಗ್ ಟೀಚರ್ ಎನ್ನುತ್ತಿದ್ದರು. ನನಗೆ ಬರೀ ಟೀಚರ್. ಕುಳ್ಳಗಿನ, ದಪ್ಪ ಕನ್ನಡಕದ ಹೆಂಗಸು. ಕಾಟನ್ ಸೀರೆ ಉಟ್ಟು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದರು. ಸೀರೆಗೂ ಆ ಶೂಗೂ ಏನೇನೂ ಹೊಂದುತ್ತಿರಲಿಲ್ಲ, ಆದರೆ ನಾಲ್ಕು ದಿನ ನೋಡಿದ ಮೇಲೆ ಬೇರೆ ಯಾವುದೂ ಅವರಿಗೆ ಒಪ್ಪುವುದಿಲ್ಲ ಅನ್ನಿಸುತ್ತಿತ್ತು. ಅವರದೊಂದು ಹಳೆಯ ಸಣ್ಣ ಕಾರು. ಎಡಬದಿಯಲ್ಲಿ ಕಲಿಸುವವರಿಗೆಂದು ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು. ಹೆದರಿ ಹೊಟ್ಟೆ ತೊಳಸಿದವರಿಗೆ ಬೇಕಾಗುತ್ತದೆ ಎಂದು ನೀಲಗಿರಿ ಎಣ್ಣೆ ಹಾಕಿದ ಕರವಸ್ತ್ರವೊಂದನ್ನು ಸದಾ ಕಾರಿನೊಳಗೆ ಇಡುತ್ತಿದ್ದರು. ಹೆಂಗಸರಿಗೆ ಮಾತ್ರ ಕಲಿಸುವುದು. ಗಂಡಸರು ಬಂದು ಕೇಳಿದರೆ, "ನಿಮಗೆ ಹುಟ್ಟುವಾಗಲೇ ಬರ್ತದಲ್ವಾ, ನನ್ನದೆಂತಕ್ಕೆ?" ಎಂದು ಕಳಿಸಿಬಿಡುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಕಾರಿನಿಂದಲ್ಲ, ಕರಪತ್ರದಿಂದ. ಆಗ ನಾನು ಪುತ್ತೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದೆ. ಹದಿನೈದು ವರ್ಷ ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸಿದವಳು ನಾನು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಉತ್ತರಕ್ರಿಯೆ, ಶಾಲೆಯ ವಾರ್ಷಿಕೋತ್ಸವ, ಭೂತದ ನೇಮದ ಆಮಂತ್ರಣ... ಸುಳ್ಯದಿಂದ ಉಪ್ಪಿನಂಗಡಿಯವರೆಗೆ ಯಾರ ಮನೆಯಲ್ಲಿ ಏನು ಶುಭ, ಏನು ಅಶುಭ ಎಂದು ಊರಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಟೀಚರ್ ವರ್ಷಕ್ಕೊಮ್ಮೆ ಬಂದು ತಮ್ಮ ಕರಪತ್ರ ಮಾಡಿಸುತ್ತಿದ್ದರು. 'ಮಹಿಳೆಯರಿಗೆ ಮಹಿಳೆಯಿಂದ' ಎಂಬ ಸಾಲು ದಪ್ಪ ಅಕ್ಷರದಲ್ಲಿ ಬರಬೇಕು. ಎಷ್ಟು ದಪ್ಪ ಮಾಡಿದರೂ ಅವರಿಗೆ ಸಾಲುತ್ತಿರಲಿಲ್ಲ.

ಆಮೇಲೆ ಕಾಗದ ಕೊಡುವ ಕಾಲವೇ ಹೋಯಿತು. ಮದುವೆಗೆ ಕರೆಯುವುದೂ ಮೊಬೈಲಿನಲ್ಲಿ, ಸತ್ತ ಸುದ್ದಿಯೂ ಮೊಬೈಲಿನಲ್ಲಿ. ಪ್ರೆಸ್ಸಿನಲ್ಲಿ ಮಿಷನ್ ಓಡುವ ಸದ್ದಿಗಿಂತ ಫ್ಯಾನಿನ ಸದ್ದೇ ಹೆಚ್ಚು ಕೇಳತೊಡಗಿತು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದಾಗ ಯಜಮಾನರು ನಮ್ಮನ್ನೆಲ್ಲ ಕರೆದರು. ಒಳ್ಳೆಯ ಮನುಷ್ಯ. ಕುರ್ಚಿಯಲ್ಲಿ ಕೂರಲಿಲ್ಲ, ನಮ್ಮ ಹಾಗೆಯೇ ನಿಂತುಕೊಂಡರು.

"ಇನ್ನು ಎಳೀಲಿಕ್ಕೆ ಆಗುದಿಲ್ಲ. ಮಿಷನ್ ಕೊಟ್ಟಾಯ್ತು. ಈ ತಿಂಗಳು ಮುಗಿದ ಮೇಲೆ ಬಾಗಿಲು ಹಾಕುದು," ಎಂದರು.

ನನ್ನ ಕಂಪ್ಯೂಟರಿನಲ್ಲಿ ಅರ್ಧ ಮುಗಿದ ಮದುವೆ ಕಾಗದವೊಂದು ಇತ್ತು. ನಾನು ಹೋಗಿ ಅದನ್ನು ಪೂರ್ತಿ ಮಾಡಿದೆ. ಬೇರೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

ಆಗ ನನಗೆ ನಲವತ್ತು ದಾಟಿತ್ತು. ಗಂಡ ಮನೆಗಳಿಗೆ ವಯರಿಂಗ್ ಮಾಡುವವರು. ಮಗಳು ಪಿಯುಸಿ. ಉಪವಾಸ ಬೀಳುವ ಸ್ಥಿತಿಯೇನೂ ಇರಲಿಲ್ಲ, ಆದರೆ ಮನೆ ನಡೆಯುತ್ತಿದ್ದದ್ದು ಎರಡು ಜನರ ದುಡಿಮೆಯಲ್ಲಿ. ಅದಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಒಂಬತ್ತಕ್ಕೆ ಚೀಲ ಹೆಗಲಿಗೆ ಹಾಕಿ ಹೊರಡುವವಳು ಎಂಬುದೇ ನನ್ನ ಗುರುತಾಗಿತ್ತು. ಒಂಬತ್ತು ಗಂಟೆ ದಿನವೂ ಬರುತ್ತಿತ್ತು, ಹೊರಡಲು ಜಾಗ ಇರಲಿಲ್ಲ.

ಬೇರೆ ಪ್ರೆಸ್ಸುಗಳಲ್ಲಿ ವಿಚಾರಿಸಿದೆ. ಅವರಲ್ಲೇ ಇದ್ದವರನ್ನು ಕಡಿಮೆ ಮಾಡುತ್ತಿದ್ದರು. ಒಂದು ಬಟ್ಟೆ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಡೀ ದಿನ ನಿಲ್ಲುವ ಕೆಲಸ ಅಕ್ಕಾ, ನಿಮಗೆ ಕಷ್ಟ ಆದೀತು," ಎಂದು ನಯವಾಗಿ ಹೇಳಿದರು. ಮದುವೆ ಮನೆಗಳಲ್ಲಿ ಸಿಕ್ಕಿದವರೆಲ್ಲ "ಮತ್ತೆ ಈಗ ಎಂತ ಮಾಡುದು?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಹೆದರಿ ಮದುವೆಗಳಿಗೆ ಹೋಗುವುದನ್ನೇ ಬಿಟ್ಟೆ. ಮೊಬೈಲಿಗೆ ಬರುವ ಆಮಂತ್ರಣಗಳಲ್ಲಿ ತಪ್ಪು ಅಕ್ಷರ ಕಂಡರೆ ಬೆರಳು ತಾನಾಗಿ ತಿದ್ದಲು ಹೋಗುತ್ತಿತ್ತು. ತಿದ್ದಿ ಎಂದು ಹೇಳಲು ನಾನು ಯಾರು?

ಆ ಬಟ್ಟೆ ಅಂಗಡಿಯಿಂದ ಹೊರಗೆ ಬಂದ ದಿನವೇ ಇರಬೇಕು. ರಣಬಿಸಿಲು. ಬಸ್ಸಿಗೆ ಕಾಯುತ್ತ ರಸ್ತೆಬದಿ ನಿಂತಿದ್ದೆ. ಒಂದು ಸಣ್ಣ ಕಾರು ಕುಪ್ಪಳಿಸುತ್ತ ಕುಪ್ಪಳಿಸುತ್ತ ಬಂದು, ಸರಿಯಾಗಿ ನನ್ನ ಮುಂದೆ ಸುಸ್ತಾಗಿ ನಿಂತಿತು. ಸ್ಟೀರಿಂಗ್ ಹಿಡಿದವಳು ಹೊಸದಾಗಿ ಮದುವೆಯಾದ ಹುಡುಗಿ, ಮುಖದಲ್ಲಿ ಬೆವರಿಳಿಯುತ್ತಿತ್ತು. ಎಡಗಡೆಯಿಂದ ಟೀಚರ್ ತಲೆ ಹೊರಗೆ ಹಾಕಿದರು.

"ನೀನು ಪ್ರೆಸ್ಸಿನವಳಲ್ವಾ? ಹತ್ತು."

"ಇಲ್ಲ ಟೀಚರ್, ನನಗೆ ಬಸ್ಸು..."

"ಬಸ್ಸು ನಾಳೆಯೂ ಉಂಟು. ಹಿಂದೆ ಕೂತ್ಕೋ ಮಾರಾಯ್ತಿ, ಈ ಹುಡುಗಿಗೆ ಹಿಂದೆ ಯಾರಾದ್ರೂ ಇದ್ರೆ ಧೈರ್ಯ."

ಆ ಹುಡುಗಿಗೆ ಧೈರ್ಯ ಬಂತೋ ಇಲ್ಲವೋ, ನನ್ನ ಧೈರ್ಯ ಮಾತ್ರ ಎರಡು ತಿರುವಿನಲ್ಲಿ ಹೋಯಿತು. ಸೀಟು ಹಿಡಿದುಕೊಂಡು ಕೂತೆ. ಅವಳನ್ನು ಮನೆ ಹತ್ತಿರ ಇಳಿಸಿದ ಮೇಲೆ ಟೀಚರ್ ಸ್ಟೀರಿಂಗಿಗೆ ಬಂದರು. ಒಂದು ಹಲಸಿನ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಬಾಟಲಿಯಿಂದ ನೀರು ಕುಡಿದು, "ಕರಪತ್ರ ಮಾಡ್ಸುವ ಅಂತ ಹೋದೆ, ಬಾಗಿಲು ಹಾಕಿತ್ತು. ಎಂತ ಆಯ್ತು?" ಎಂದು ಕೇಳಿದರು.

"ಕೆಲಸ ಹೋಯ್ತು ಟೀಚರ್."

ಅಷ್ಟು ದಿನ ನಾನು 'ಪ್ರೆಸ್ಸು ನಿಂತಿತು' ಎಂದೇ ಹೇಳುತ್ತಿದ್ದೆ. ನನ್ನ ಕೆಲಸ ಹೋಯಿತು ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಕೂಡಲೇ ಅಳು ಬಂತು. ಟೀಚರ್ ಸಮಾಧಾನ ಮಾಡಲಿಲ್ಲ. ನೀಲಗಿರಿಯ ಕರವಸ್ತ್ರ ಹಿಂದೆ ಚಾಚಿದರು.

"ನನ್ನದೂ ಹೋಗಿತ್ತು ಒಮ್ಮೆ," ಎಂದರು. "ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸ್ತಿದ್ದೆ ನಾನು. ಈ ಟೀಚರ್ ಅನ್ನುವ ಹೆಸರು ಅಲ್ಲಿಂದ ಬಂದದ್ದು, ಕಾರಿನಿಂದ ಅಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಎ ಎಸ್ ಡಿ ಎಫ್, ಎ ಎಸ್ ಡಿ ಎಫ್. ಕಂಪ್ಯೂಟರ್ ಬಂತು, ಮಕ್ಕಳು ಬರುದು ನಿಂತಿತು. ಟೈಪ್‌ರೈಟರ್ ಎಲ್ಲ ತೂಕಕ್ಕೆ ಹಾಕಿದ್ರು, ಗೊತ್ತುಂಟಾ? ನಾನು ದಿನಾ ಒರೆಸಿ ಇಟ್ಟ ಮಿಷನ್‌ಗಳು."

"ಮತ್ತೆ?"

"ಮತ್ತೆ ಎಂತ? ತುಂಬಾ ಸಮಯ ಸರಿಯಾಗಿ ಅತ್ತೆ. ನಿನ್ನ ಹಾಗೆ ಸಣ್ಣ ಅಳು ಅಲ್ಲ. ಆಮೇಲೆ ನನ್ನ ಅಣ್ಣನಿಗೆ ನನ್ನ ಅಳು ಕೇಳಿ ಕೇಳಿ ಸಾಕಾಯ್ತು. ಅವನದ್ದೊಂದು ಸರ್ವಿಸ್ ಜೀಪು ಇತ್ತು, ಊರಿಂದ ಊರಿಗೆ ಜನ ಹಾಕುವಂಥದ್ದು. ಬಾ, ಇದನ್ನಾದ್ರೂ ಕಲಿ ಅಂತ ಕೂರಿಸಿದ." ನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡಿದರು. "ನಾಳೆ ಬೆಳಿಗ್ಗೆ ಬಾ. ನನಗೆ ಫೋನು ತೆಗೀಲಿಕ್ಕೆ, ಯಾರು ಎಷ್ಟು ಗಂಟೆಗೆ ಅಂತ ನೋಡ್ಲಿಕ್ಕೆ ಒಬ್ರು ಬೇಕು. ಕಲಿಸುವಾಗ ಫೋನು ತೆಗೆದ್ರೆ ಈ ಹೆಂಗಸರು ನನ್ನನ್ನು ಗುಂಡಿಗೆ ಹಾಕ್ತಾರೆ. ಮಧ್ಯ ಬಿಡುವಿದ್ದಾಗ ನೀನೂ ಕಲಿ."

"ನನಗೆ ಸೈಕಲ್ ಕೂಡ ಬರುದಿಲ್ಲ ಟೀಚರ್."

"ನಾನು ಸೈಕಲ್ ಕಲಿಸುದಿಲ್ಲ."

ಹೀಗೆ ಮರುದಿನ ಒಂಬತ್ತಕ್ಕೆ ನಾನು ಮತ್ತೆ ಚೀಲ ಹೆಗಲಿಗೆ ಹಾಕಿ ಹೊರಟೆ. ಗಂಡ ಎಲ್ಲಿಗೆ ಎಂದು ಕೇಳಿದರು. "ಕೆಲಸಕ್ಕೆ," ಎಂದೆ. ಅದು ಕೆಲಸವೋ ಅಲ್ಲವೋ ನನಗೇ ಸ್ಪಷ್ಟವಿರಲಿಲ್ಲ, ಆದರೆ ಆ ಪದ ಬಾಯಿಗೆ ಬಂದದ್ದು ಹಿತವಾಗಿತ್ತು.

ಕಲಿಯುವುದು ಸುಲಭವೇನೂ ಆಗಲಿಲ್ಲ. ಹದಿನೈದು ವರ್ಷ ಕೂತಲ್ಲೇ ಕೂತ ಕಾಲುಗಳು ಒಂದು ಕ್ಲಚ್ಚಿನ ಮೇಲೆ, ಒಂದು ಬ್ರೇಕಿನ ಮೇಲೆ ಬೇರೆ ಬೇರೆ ಬುದ್ಧಿ ಕಲಿಯಬೇಕಿತ್ತು. ಗೇರ್ ಹಾಕುವಾಗ ನನ್ನ ಕಣ್ಣು ಕೆಳಗೆ ಹೋಗುತ್ತಿತ್ತು. ಕೂಡಲೇ ಎಡಗಡೆಯಿಂದ, "ಎ ಎಸ್ ಡಿ ಎಫ್ ಹೊಡೆಯುವಾಗ ಕೈ ನೋಡ್ತಾರಾ? ಎದುರು ನೋಡು!" ನನ್ನ ಮನೆಮಾತು ಅರೆಭಾಷೆ, ಅವರದು ತುಳು. ಪಾಠ ನಡೆಯುತ್ತಿದ್ದದ್ದು ಕನ್ನಡದಲ್ಲಿ. ಬೈಗುಳಕ್ಕೆ ಮಾತ್ರ ಅವರು ತುಳುವಿಗೆ ಹೋಗುತ್ತಿದ್ದರು. ಆದರೆ ನಾನು ನಿಜವಾಗಿ ಹೆದರಿದಾಗ, ಲಾರಿಯೊಂದು ಎದುರಿಗೆ ಬಂದಾಗ, ಅದೇ ತುಳುವಿನಲ್ಲಿ ಮೆತ್ತಗೆ "ಪೋಡ್ಯೊಡ್ಚಿ, ಪೋಡ್ಯೊಡ್ಚಿ" ಎನ್ನುತ್ತಿದ್ದರು. ಹೆದರಬೇಡ ಎಂದು. ಆ ದನಿ ಈಗಲೂ...

ಒಂದು ದಿನ ಪೇಟೆಯ ಏರಿನಲ್ಲಿ ನನ್ನ ಮುಂದಿದ್ದ ಬಸ್ಸು ನಿಂತಿತು. ನಾನೂ ನಿಲ್ಲಿಸಿದೆ. ಬಸ್ಸು ಹೊರಟಾಗ ನಾನು ಹೊರಡಲು ಹೋಗಿ ಕಾರು ಹಿಂದೆ ಜಾರಿತು. ಟೀಚರ್ ತಮ್ಮ ಕಡೆಯ ಬ್ರೇಕು ಒತ್ತಿದರು. ಮತ್ತೆ ಹೊರಡಿಸಿದೆ, ಎಂಜಿನ್ ಆಫ್. ಇನ್ನೊಮ್ಮೆ, ಮತ್ತೆ ಆಫ್. ಹಿಂದಿನಿಂದ ಹಾರನ್ನುಗಳ ಗದ್ದಲ. ಪಕ್ಕದ ರಿಕ್ಷಾ ಸ್ಟ್ಯಾಂಡಿನಿಂದ ಒಬ್ಬ ಎಲ್ಲರಿಗೂ ಕೇಳುವ ಹಾಗೆ, "ಅಡುಗೆಮನೆಯಲ್ಲಿ ಇರ್ಲಿಕ್ಕೆ ಆಗುದಿಲ್ವಾ ಇವರಿಗೆ?" ಎಂದ. ನಾಲ್ಕು ಜನ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಟೀಚರ್ ಹ್ಯಾಂಡ್‌ಬ್ರೇಕ್ ಎಳೆದು, ಬಾಗಿಲು ತೆಗೆದು ಇಳಿದರು. ಕ್ಯಾನ್ವಾಸ್ ಶೂ ಟಪಟಪ ಮಾಡುತ್ತ ನೆಟ್ಟಗೆ ರಿಕ್ಷಾ ಸ್ಟ್ಯಾಂಡಿಗೆ ಹೋದರು. ಇನ್ನು ಜಗಳವಾಗುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಟೀಚರ್ ತಣ್ಣಗೆ ಹೇಳಿದರು:

"ಮಾರಾಯ, ನಿನ್ನ ಹೆಂಡತಿ ಬರುವ ಸೋಮವಾರದಿಂದ ನನ್ನ ಹತ್ತಿರ ಕಲಿಲಿಕ್ಕೆ ಬರುದು. ನಿನಗೆ ಹೇಳ್ಲಿಲ್ವಾ ಅವಳು?"

ಆಗ ಸ್ಟ್ಯಾಂಡಿನಲ್ಲಿ ಎದ್ದ ನಗೆ ಇತ್ತಲ್ಲ, ಮೊದಲು ನನ್ನ ಮೇಲೆ ಬಿದ್ದ ನಗೆಯನ್ನು ಅದು ಪೂರ್ತಿ ಮುಚ್ಚಿಬಿಟ್ಟಿತು. ಆ ರಿಕ್ಷಾದವನೇ ಕೊನೆಗೆ ನಗುತ್ತ ಬಂದು ಹಿಂದಿನ ಗಾಡಿಗಳಿಗೆ ಕೈ ತೋರಿಸಿ ದಾರಿ ಮಾಡಿಕೊಟ್ಟ. ಟೀಚರ್ ಬಂದು ಕೂತು, ಎರಡೂ ಕಾಲು ಹಿಂದೆ ತೆಗೆದುಕೊಂಡರು.

"ಈಗ ಹೋಗು. ನಾನು ಯಾವುದನ್ನೂ ಮುಟ್ಟುದಿಲ್ಲ."

ಏರು ಹತ್ತಿತು. ಹೇಗೆ ಹತ್ತಿತೋ ಗೊತ್ತಿಲ್ಲ, ಹತ್ತಿತು. ಮೇಲೆ ಹೋಗಿ ಸಮತಟ್ಟು ಸಿಕ್ಕಾಗ ನಾನು ನಗುತ್ತಿದ್ದೆ. ಪ್ರೆಸ್ಸು ಮುಚ್ಚಿದ ಮೇಲೆ ಅಷ್ಟು ದೊಡ್ಡದಾಗಿ ನಕ್ಕದ್ದು ನೆನಪಿಲ್ಲ.

ಆರ್‌ಟಿಓ ಪರೀಕ್ಷೆಯಲ್ಲಿ ಮೊದಲ ಸಲ ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿಸಿ ಫೇಲಾದೆ. ಟೀಚರ್ ಉಪದೇಶವೇನೂ ಮಾಡದೆ ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ತರಿಸಿದರು. "ಕಂಬ ಗಟ್ಟಿ ಉಂಟು, ಎಂತ ಆಗ್ಲಿಲ್ಲ ಅದಕ್ಕೆ," ಎಂದದ್ದು ಬಿಟ್ಟರೆ ಆ ವಿಷಯ ಎತ್ತಲೇ ಇಲ್ಲ. ಎರಡನೆಯ ಸಲ ಪಾಸಾದೆ.

ಲೈಸನ್ಸು ಬಂತು, ಆದರೆ ಅದರಿಂದ ಏನು ಮಾಡುವುದು ಎಂದು ನನಗೆ ಹೊಳೆದಿರಲಿಲ್ಲ. ಫೋನು ತೆಗೆಯುತ್ತ, ಕಲಿಯಲು ಬರುವವರ ಜೊತೆ ಹಿಂದಿನ ಸೀಟಿನಲ್ಲಿ ಕೂರುತ್ತ ದಿನ ಹೋಗುತ್ತಿತ್ತು. ಟೀಚರಿಗೆ ಗಂಟಲಲ್ಲಿ ಏನೋ ತೊಂದರೆ ಶುರುವಾದದ್ದು ಆ ದಿನಗಳಲ್ಲೇ. ಬೈದು ಬೈದು ದನಿ ಕಟ್ಟಿದೆ ಎಂದು ನಾವೆಲ್ಲ ತಮಾಷೆ ಮಾಡಿದೆವು. ಅವರೂ ನಕ್ಕರು. ಪುತ್ತೂರಿನ ಡಾಕ್ಟರು ನೋಡಿ ಮಂಗಳೂರಿಗೆ ಹೋಗಿ ಎಂದು ಬರೆದುಕೊಟ್ಟಾಗ ತಮಾಷೆ ನಿಂತಿತು.

ಅವರ ಅಣ್ಣ ತೀರಿಹೋಗಿದ್ದರು. ಅಣ್ಣನ ಮಗಳೊಬ್ಬಳು ದೂರದಲ್ಲಿದ್ದಳು, ಫೋನು ಮಾಡುತ್ತಿದ್ದಳು. ಬಾಡಿಗೆ ಕಾರು ಮಾಡುವ ಎಂದು ನಾನು ಹೇಳಿದೆ. ಟೀಚರ್ ಕಾರಿನ ಕೀ ತೆಗೆದು ನನ್ನ ಕೈಗೆ ಕೊಟ್ಟರು.

"ಬಾಡಿಗೆ ಎಂತಕ್ಕೆ? ನೀನಿದ್ದಿಯಲ್ಲ."

ಪುತ್ತೂರಿನ ಒಳದಾರಿ ಬಿಟ್ಟು ನಾನು ಎಲ್ಲಿಯೂ ಓಡಿಸಿದವಳಲ್ಲ. ಮಂಗಳೂರು ಎಂದರೆ ಮಾಣಿಯಿಂದ ಆಚೆ ಹೆದ್ದಾರಿ. ಆಗ ಅಲ್ಲಿ ರಸ್ತೆ ಕೆಲಸ, ಧೂಳು, ಮೈಮೇಲೆ ಬರುವ ಟ್ಯಾಂಕರುಗಳು. ಹೊರಡುವ ದಿನ ನಾನು ಬೆಳಿಗ್ಗೆಯೇ ಹೋಗಿ ಕಾರು ಒರೆಸಿ ನಿಲ್ಲಿಸಿದೆ. ಟೀಚರ್ ಬಂದವರು ಎಡಗಡೆಯ ಬಾಗಿಲು ದಾಟಿ ಹಿಂದಿನ ಬಾಗಿಲು ತೆಗೆದರು.

"ಟೀಚರ್, ಮುಂದೆ ಕೂತ್ಕೊಳ್ಳಿ! ಬ್ರೇಕು..."

"ಇವತ್ತು ನಾನು ಪೇಷಂಟ್. ಪೇಷಂಟ್ ಹಿಂದೆಯೇ ಕೂತ್ಕೊಳ್ಳುದು."

"ನನಗೆ ಹೆದರಿಕೆ ಆಗ್ತದೆ."

"ನನಗೂ ಆಗ್ತದೆ," ಎಂದರು. ಅವರ ದನಿ ಗೊಗ್ಗರಾಗಿತ್ತು. "ಆದ್ರೆ ನಿನ್ನ ಡ್ರೈವಿಂಗಿಗೆ ಅಲ್ಲ."

ಹೊರಡಿಸಿದೆ. ಕಬಕ ದಾಟುವವರೆಗೆ ಕನ್ನಡಿಯಲ್ಲಿ ಅವರನ್ನೇ ನೋಡುತ್ತಿದ್ದೆ, ಯಾವಾಗ ಬೈಯುತ್ತಾರೆ ಎಂದು. ಮಾಣಿಯಲ್ಲಿ ಹೆದ್ದಾರಿಗೆ ಸೇರುವಾಗ ಒಂದು ಟ್ಯಾಂಕರನ್ನು ಬಿಟ್ಟು, ಇನ್ನೊಂದನ್ನು ಬಿಟ್ಟು, ಜಾಗ ನೋಡಿ ಒಳಗೆ ನುಗ್ಗಿಸಿದೆ. ಸರಿಯಾಯಿತಾ ಎಂದು ಕೇಳಲು ಕನ್ನಡಿ ನೋಡಿದರೆ ಟೀಚರ್ ತಲೆ ಹಿಂದಕ್ಕೆ ಒರಗಿಸಿ, ಬಾಯಿ ಸ್ವಲ್ಪ ತೆರೆದು, ನಿದ್ದೆ ಮಾಡುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆಯವರು ಓಡಿಸುವ ಕಾರಿನಲ್ಲಿ ಕಣ್ಣು ಮಿಟುಕಿಸದೆ ಕೂತ ಹೆಂಗಸು... ಮಂಗಳೂರು ಬರುವವರೆಗೆ ಏಳಲಿಲ್ಲ. ನನ್ನ ಹೆದರಿಕೆ ಯಾವಾಗ ಹೋಯಿತೋ ನಾನು ಗಮನಿಸಲೇ ಇಲ್ಲ.

ಚಿಕಿತ್ಸೆ ದೀರ್ಘವಾಯಿತು. ಮಳೆಗಾಲ ಇಡೀ ಹೋಗಿ ಬಂದೆವು. ಆಸ್ಪತ್ರೆಯಲ್ಲಿ ಕಾಯುವಾಗ ನಮ್ಮ ಕಡೆಯ ಹೆಂಗಸರು ಸಿಗುತ್ತಿದ್ದರು, ಕಡಬದವರು, ಈಶ್ವರಮಂಗಲದವರು. ಎರಡು ಬಸ್ಸು ಬದಲಾಯಿಸಿ ಬಂದು, ಬೆಂಚಿನಲ್ಲಿ ಒರಗಿ, ಮತ್ತೆ ಎರಡು ಬಸ್ಸು ಹಿಡಿಯಬೇಕಾದವರು. ಕಾಲಿಗೆ ಪ್ಲಾಸ್ಟರ್ ಹಾಕಿದ ಅತ್ತೆಯನ್ನು ಕರೆತಂದ ಒಬ್ಬಳು ಒಂದು ದಿನ ಕೇಳಿದಳು: "ಅಕ್ಕಾ, ನೀವು ಇವರನ್ನು ದಿನಾ ಕರ್ಕೊಂಡು ಬರುದಲ್ವಾ? ನಮ್ಮನ್ನೂ ಒಮ್ಮೆ ಕರ್ಕೊಂಡು ಬರ್ತೀರಾ? ಗಂಡಸರ ಗಾಡಿಯಾದ್ರೆ ಮಾಮಿಗೆ ಸಂಕೋಚ. ಬಾತ್‌ರೂಮಿಗೆ ನಿಲ್ಲಿಸಿ ಅಂತ ಹೇಳುದಿಲ್ಲ, ದಾರಿ ಇಡೀ ತಡ್ಕೊಂಡು ಕೂತ್ಕೊಳ್ತಾರೆ."

ಮನೆಗೆ ಬರುವ ದಾರಿಯಲ್ಲಿ ಟೀಚರ್ ಹಿಂದಿನಿಂದ ಕೇಳಿದರು, "ಅವಳು ಹೇಳಿದ್ದು ಕೇಳಿತಾ ನಿನಗೆ?"

"ಕೇಳಿತು. ಪಾಪ."

"ಪಾಪ ಅಲ್ಲ ಮಾರಾಯ್ತಿ. ಕೆಲಸ ಅದು. ನಿನ್ನ ಕೆಲಸ."

ಒಂದು ವ್ಯಾನು ತೆಗೆದುಕೊಳ್ಳಬೇಕು, ಬಾಡಿಗೆ ಓಡಿಸಲು ಹಳದಿ ಬೋರ್ಡು ಹಾಕಿಸಬೇಕು ಎಂದು ಮನೆಯಲ್ಲಿ ಮಾತು ತೆಗೆದಾಗ ಗಂಡ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅವರ ಹೆದರಿಕೆ ನನಗೆ ಗೊತ್ತಿತ್ತು. ಒಳ ಊರುಗಳ ತಿರುವು ರಸ್ತೆ, ಮಳೆ, ನಾನು ಒಬ್ಬಳೇ. ಮೂರನೆಯ ದಿನ ಟೀಚರ್ ರಿಕ್ಷಾ ಮಾಡಿಕೊಂಡು ನಮ್ಮ ಮನೆಗೆ ಬಂದರು. ಆಗ ಅವರು ತುಂಬಾ ಇಳಿದುಹೋಗಿದ್ದರು, ಶೂ ಕೂಡ ದೊಡ್ಡದಾಗಿ ಕಾಣುತ್ತಿತ್ತು. ಅವರ ಕಾರು ಮಂಗಳೂರಿನ ಓಡಾಟಕ್ಕೆಂದು ನಮ್ಮ ಅಂಗಳದಲ್ಲೇ ಇತ್ತು. ನನ್ನ ಗಂಡನನ್ನು ಕರೆದು, "ಅಲ್ಲ ಮಾರಾಯ್ರೆ, ನೀವು ಒಮ್ಮೆಯಾದ್ರೂ ಇವಳು ಓಡಿಸುವ ಕಾರಿನಲ್ಲಿ ಕೂತಿದ್ದೀರಾ?" ಎಂದು ಕೇಳಿದರು.

"ಇಲ್ಲ ಟೀಚರ್."

"ಹೋಗಿ ಉಪ್ಪಿನಂಗಡಿಗೆ ಹೋಗಿ ಬನ್ನಿ. ನಾನು ಇಲ್ಲಿ ಕಷಾಯ ಕುಡೀತೇನೆ."

ಹೋದೆವು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಗಂಡ ಇಡೀ ದಾರಿ ನನ್ನ ಕಾಲನ್ನೇ ನೋಡುತ್ತಿದ್ದರು. ಉಪ್ಪಿನಂಗಡಿಯಲ್ಲಿ ಕೂಡುವ ಎರಡು ನದಿಯೂ ಕೆಂಪಗೆ ತುಂಬಿದ್ದವು. ಸೇತುವೆಯ ಹತ್ತಿರ ನಿಲ್ಲಿಸಿ ನೋಡಿದೆವು, ತಿರುಗಿಸಿಕೊಂಡು ಬಂದೆವು. ಅಂಗಳದಲ್ಲಿ ಟೀಚರ್ ಕುರ್ಚಿಯಲ್ಲಿ ಕೂತು ನನ್ನ ಮಗಳಿಗೆ ಏನೋ ಹೇಳಿ ನಗಿಸುತ್ತಿದ್ದರು. "ಎಂತ?" ಎಂದು ಗಂಡನನ್ನು ನೋಡಿದರು.

"ಬ್ರೇಕು ಮೆತ್ತಗೆ ಹಾಕ್ತಾಳೆ ಟೀಚರ್," ಎಂದರು ಗಂಡ. "ನಾನು ಬೈಕಿನಲ್ಲಿ ಅಷ್ಟು ಮೆತ್ತಗೆ ಹಾಕುದಿಲ್ಲ."

"ಹಾಗಾದ್ರೆ ನೀವೂ ಬನ್ನಿ, ಕಲಿಸ್ತೇನೆ. ನಿಮಗೊಬ್ಬರಿಗೆ ರೂಲು ಸಡಿಲ ಮಾಡುವ."

ಆ ದೀಪಾವಳಿಗೆ ವ್ಯಾನು ಬಂತು. ಹೊಸದಲ್ಲ, ಒಬ್ಬರು ಓಡಿಸಿ ಬಿಟ್ಟದ್ದು. ಮೊದಲ ಪ್ರಯಾಣ ಟೀಚರನ್ನೇ ಕರೆದುಕೊಂಡು ಹೋಗಬೇಕೆಂದು ನನಗೆ ಆಸೆ. ಅವರು ಒಪ್ಪಲಿಲ್ಲ. "ಮೊದಲ ದಿನ ನಿಜವಾದ ಗಿರಾಕಿ ಹತ್ತಬೇಕು," ಎಂದರು. ಪ್ಲಾಸ್ಟರಿನ ಆ ಅತ್ತೆಗೆ ಫೋನು ಮಾಡಿದೆ. ಅವರ ಪ್ಲಾಸ್ಟರ್ ತೆಗೆದು ತಿಂಗಳುಗಳಾಗಿದ್ದವು. ಆದರೂ, "ಕಣ್ಣು ತೋರ್ಸಲಿಕ್ಕೆ ಉಂಟು, ಬಾ," ಎಂದರು. ಮಾಣಿಯಲ್ಲಿ ಗಾಡಿ ನಿಲ್ಲಿಸಿ, "ಮಾಮಿ, ಬಾತ್‌ರೂಮಿಗೆ ಹೋಗ್ಲಿಕ್ಕೆ ಉಂಟಾ?" ಎಂದು ನಾನಾಗಿ ಕೇಳಿದೆ. ಆ ಮುಖದಲ್ಲಿ ಬಂದ ನಿರಾಳ! ಇದು ನಡೆಯುತ್ತದೆ ಎಂದು ನನಗೆ ಖಾತ್ರಿಯಾದದ್ದು ಆಗ. ಆಮೇಲೆ ಬಾಯಿಂದ ಬಾಯಿಗೆ ಹೋಯಿತು. ತುಂಬು ಗರ್ಭಿಣಿಯರು, ಬಾಣಂತಿಯರು, ಡಯಾಲಿಸಿಸಿಗೆ ವಾರ ವಾರ ಹೋಗುವವರು, ಪರೀಕ್ಷೆಗೆ ಹೋಗುವ ಹುಡುಗಿಯರು. ಕಡಬದ ಕಡೆಯಿಂದ ಹೆಚ್ಚು. ಮೂರು ತಿಂಗಳಲ್ಲಿ ಬೇರೆ ಕೆಲಸ ಹುಡುಕುವ ಯೋಚನೆಯೇ ಬಿಟ್ಟುಹೋಯಿತು.

ಆದರೆ ಟೀಚರ್ ಗುಣವಾಗಲಿಲ್ಲ. ಒಮ್ಮೆ ಗುಣವಾದ ಹಾಗೆ ಕಂಡರು, ಇಬ್ಬರು ಹುಡುಗಿಯರಿಗೆ ಕಲಿಸಿದರು ಕೂಡ, ಬೈಯಲು ದನಿಯಿಲ್ಲದೆ ತೊಡೆಗೆ ಮೆತ್ತಗೆ ತಟ್ಟಿ ಹೇಳುತ್ತಿದ್ದರು. ಬೇಸಗೆ ಹೊತ್ತಿಗೆ ಮತ್ತೆ ಬಿದ್ದರು. ಕೊನೆಯ ಸಲ ಮಂಗಳೂರಿನಿಂದ ಕರೆದುಕೊಂಡು ಬರುವಾಗ, ಇನ್ನು ಬರುವುದು ಬೇಡ ಎಂದು ಡಾಕ್ಟರು ಹೇಳಿದ್ದರು. ಅದು ಇಬ್ಬರಿಗೂ ಗೊತ್ತಿತ್ತು. ಅವತ್ತು ಅವರು ಹಿಂದೆ ಕೂರಲಿಲ್ಲ. ನನ್ನ ವ್ಯಾನಿನ ಎಡಗಡೆಯ ಸೀಟಿನಲ್ಲಿ ಕೂತರು. ಅಲ್ಲಿ ಬ್ರೇಕಿಲ್ಲ, ಏನೂ ಇಲ್ಲ. ಆದರೂ ಒಂದೊಂದು ತಿರುವಿನಲ್ಲಿ ಅವರ ಬಲಗಾಲು ತನ್ನಷ್ಟಕ್ಕೆ ಕೆಳಗೆ ಒತ್ತುತ್ತಿತ್ತು. ನಾನು ನೋಡಿ ನಕ್ಕೆ. ಅವರೂ ತಮ್ಮ ಕಾಲನ್ನು ನೋಡಿ ನಕ್ಕರು. ಕಲ್ಲಡ್ಕದಲ್ಲಿ ಚಹಾ ಕುಡಿಯುವ ಎಂದು ಸನ್ನೆ ಮಾಡಿದರು. ನುಂಗಲು ಆಗುತ್ತಿರಲಿಲ್ಲ, ಗ್ಲಾಸಿನ ಬಿಸಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ರಸ್ತೆ ನೋಡುತ್ತ ಕೂತರು. ಅಲ್ಲಿ ಅವರು ಹೇಳಿದ್ದು ಒಂದೇ ಮಾತು.

"ನಾನು ಟೈಪಿಂಗೇ ಕಲಿಸ್ತಾ ಇರ್ತಿದ್ರೆ ಇಷ್ಟು ರಸ್ತೆ ನೋಡ್ತಿರ್ಲಿಲ್ಲ, ಅಲ್ವಾ?"

ಅವರು ಹೋದ ದಿನ ಅಣ್ಣನ ಮಗಳು ಬರುವ ಮೊದಲೇ ಸುದ್ದಿ ಹರಡಿತ್ತು. ಅವರ ಮನೆಗೆ ಹೋಗುವುದು ಒಂದು ಸಣ್ಣ ಓಣಿ. ನಾನು ಅಂಗಳದಲ್ಲಿ ಕುರ್ಚಿ ಹಾಕಿಸುತ್ತಿದ್ದೆ. ಒಂದು ಕಾರು ಬಂದು ನಿಂತಿತು. ಹಿಂದೆ ಇನ್ನೊಂದು. ಸ್ಕೂಟರುಗಳು, ಒಂದು ಪಿಕಪ್ಪು, ಬಿಳಿ ಕೋಟು ಹಾಕಿದ ಡಾಕ್ಟರಮ್ಮನ ದೊಡ್ಡ ಕಾರು, ಕೋಳಿ ಸಾಗಿಸುವ ಗಾಡಿ ಒಂದು. ಎಲ್ಲ ಗಾಡಿಗಳ ಡ್ರೈವರ್ ಸೀಟಿನಿಂದ ಇಳಿದದ್ದು ಹೆಂಗಸರು. ಅತ್ತು ಕೆಂಪಾದ ಮುಖಗಳು. ನನಗೆ ಅವರಲ್ಲಿ ಹತ್ತು ಜನರ ಗುರುತೂ ಇರಲಿಲ್ಲ. ನನಗಿಂತ ಎಷ್ಟೋ ಮೊದಲು ಕಲಿತವರು. ಓಣಿ ತುಂಬಿ, ರಸ್ತೆಗೂ ಗಾಡಿ ನಿಂತು, ಬಸ್ಸು ಹೋಗಲಾರದೆ ಹಾರನ್ ಹಾಕತೊಡಗಿತು. ಯಾರೋ ಗಂಡಸರು ಸರಿಮಾಡಲು ಓಡಿದರು. ಅಷ್ಟರಲ್ಲಿ ಒಬ್ಬರು ವಯಸ್ಸಾದ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, "ಟೀಚರ್ ಇದ್ದಿದ್ರೆ ಈ ಪಾರ್ಕಿಂಗ್ ನೋಡಿ ನಮ್ಮನ್ನೆಲ್ಲ ಕೊಲ್ತಿದ್ರು," ಎಂದರು. ಅತ್ತವರೇ ನಕ್ಕರು. ಎಲ್ಲರೂ ಹೋಗಿ ತಮ್ಮ ತಮ್ಮ ಗಾಡಿ ಹತ್ತಿದರು. ಒಂದೊಂದಾಗಿ ರಿವರ್ಸ್ ತೆಗೆದು, ಆ ಇಕ್ಕಟ್ಟಿನಲ್ಲಿ ಒಂದಕ್ಕೊಂದು ತಾಗಿಸದೆ, ಎಡಬದಿಗೆ ಸಾಲಾಗಿ ನಿಲ್ಲಿಸಿ ಬಂದರು. ಬಸ್ಸು ನಿಧಾನವಾಗಿ ಹಾದುಹೋಯಿತು. ಅದರ ಡ್ರೈವರು ಇಷ್ಟು ಹೆಂಗಸರನ್ನು ನೋಡಿ ಏನು ವಿಷಯ ಎಂದು ಕೈಯಲ್ಲೇ ಕೇಳಿದ. ಗೊತ್ತಾದ ಮೇಲೆ ತಲೆಗೆ ಸುತ್ತಿದ್ದ ಬೈರಾಸು ತೆಗೆದ.

ಈಗ ಆ ಮನೆಯಲ್ಲಿ ಬಾಡಿಗೆಯವರಿದ್ದಾರೆ. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಹೂವಿನ ಕುಂಡಗಳು. ನನ್ನ ಕೆಲಸ ಚೆನ್ನಾಗಿ ನಡೆಯುತ್ತಿದೆ. ಕಳೆದ ವರ್ಷದಿಂದ ಇನ್ನೊಂದು ವ್ಯಾನು ಉಂಟು, ಸುಳ್ಯದ ಕಡೆಗೆ ಅದನ್ನು ಓಡಿಸಲು ಒಬ್ಬಳು ಇದ್ದಾಳೆ. ಗೋಡಂಬಿ ಕಾರ್ಖಾನೆಯ ಕೆಲಸ ಹೋಗಿ ಮನೆಯಲ್ಲಿ ಕೂತಿದ್ದವಳು. ಮದುವೆಗಳಿಗೆ ಧಾರಾಳ ಹೋಗುತ್ತೇನೆ. ಈಗ ಎಂತ ಮಾಡುದು ಎಂದು ಯಾರಾದರೂ ಕೇಳಿದರೆ ಫೋನ್ ನಂಬರು ಕೊಡುತ್ತೇನೆ. ಹೋದ ಕೆಲಸದ ನೋವು ಎಲ್ಲಿ ಹೋಯಿತು ಎಂದು ಹುಡುಕಿದರೂ ಸಿಗುವುದಿಲ್ಲ. ಟೀಚರ್ ಹೋದ ನೋವಿಗೆ ಮಾತ್ರ ಹಾಗಾಗಲಿಲ್ಲ. ಒಳ್ಳೆಯ ದಿನಗಳಲ್ಲೇ ಅದು ಹೆಚ್ಚು. ಕಷ್ಟದ ದಾರಿಯೊಂದರಲ್ಲಿ ಚೆನ್ನಾಗಿ ಓಡಿಸಿಕೊಂಡು ಬಂದ ದಿನ ಯಾರಿಗೆ ಹೇಳುವುದು? ಗಂಡನಿಗೆ ಹೇಳಿದರೆ "ಹೌದಾ, ಒಳ್ಳೆದಾಯ್ತು," ಎನ್ನುತ್ತಾರೆ. ಟೀಚರ್ ಆಗಿದ್ದರೆ "ಯಾವ ಗೇರಿನಲ್ಲಿ ಇಳಿಸಿದ್ದು?" ಎಂದು ಕೇಳುತ್ತಿದ್ದರು.

ಕಳೆದ ವಾರ ಇಚಿಲಂಪಾಡಿಯ ಆ ಹೆಂಗಸನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಆ ಓಣಿಯ ಬಾಯಿ ದಾಟಬೇಕಿತ್ತು. ನಿಧಾನ ಮಾಡಿದೆ ಎಂದು ಕಾಣುತ್ತದೆ. ಅವರು ಹಿಂದಿನಿಂದ, "ಎಂತಾಯ್ತು? ಇಲ್ಲಿ ಯಾರಾದ್ರೂ ಹತ್ಲಿಕ್ಕೆ ಉಂಟಾ?" ಎಂದು ಕೇಳಿದರು.

"ಇಲ್ಲ. ಇಲ್ಲಿ ನನ್ನ ಟೀಚರ್ ಇದ್ರು."

"ಈಗ ಇಲ್ವಾ?"

"ಈಗ ಇಲ್ಲ," ಎಂದೆ. ಹಾಗೆ ಬಾಯಿಬಿಟ್ಟು ಹೇಳಲು ನನಗೆ ಇಷ್ಟು ಕಾಲ ಬೇಕಾಯಿತು.